ಕರುಳಿನ ಕ್ಯಾನ್ಸರ್‌ಗೆ ನ್ಯಾನೊ ಕಣ: ಎಷ್ಟು ದೂರ ಸಾಗಬಲ್ಲದು?

ಮಲದಲ್ಲಿ ಕಣ್ಣಿಗೆ ಕಾಣದಷ್ಟು ರಕ್ತ ಬೆರೆತಿದೆಯೇ ಎಂದು ನೋಡುವ ಕಿಟ್ ಬಿಚ್ಚಿದರೆ ಒಳಗೆ ಮುಖ್ಯವಾಗಿ ಇರುವುದು ಎರಡೇ ವಸ್ತು. ಒಂದು, ಮುಚ್ಚಳಕ್ಕೆ ಕಡ್ಡಿ ಅಂಟಿಕೊಂಡಿರುವ ದ್ರಾವಣದ ಪುಟ್ಟ ಶೀಶೆ. ಇನ್ನೊಂದು, ಬೆರಳುದ್ದದ ಪ್ಲಾಸ್ಟಿಕ್ ಕಾರ್ಡು. ಕಡ್ಡಿಯನ್ನು ಮಲದ ನಾಲ್ಕಾರು ಕಡೆ ಚುಚ್ಚಿ, ಶೀಶೆಯೊಳಗೆ ಹಾಕಿ ಅಲ್ಲಾಡಿಸಿ, ಎರಡು ಮೂರು ಹನಿಯನ್ನು ಕಾರ್ಡಿನ ಗುಳಿಗೆ ಬಿಟ್ಟರೆ ತೇವ ನಿಧಾನವಾಗಿ ಬಿಳಿ ಪಟ್ಟಿಯ ಉದ್ದಕ್ಕೂ ಹರಡುತ್ತಾ ಹೋಗುತ್ತದೆ. ಐದು ಹತ್ತು ನಿಮಿಷದಲ್ಲಿ ‘ಸಿ’ ಅಕ್ಷರದ ಎದುರು ಒಂದು ಕೆಂಪು ಗೆರೆ ಮೂಡುತ್ತದೆ. ಮಾದರಿಯಲ್ಲಿ ರಕ್ತವಿದ್ದರೆ ‘ಟಿ’ ಎದುರು ಇನ್ನೊಂದು ಗೆರೆ ಕಾಣಿಸಿಕೊಳ್ಳುತ್ತದೆ. ಕೋವಿಡ್ ದಿನಗಳಲ್ಲಿ ಇಂಥದೇ ಕಾರ್ಡನ್ನು ಮನೆಮನೆಯಲ್ಲೂ ನೋಡಿದ್ದೇವೆ. ಆ ಗೆರೆಯ ಕೆಂಪು ರಕ್ತದ ಕೆಂಪೆಂದು ಅನೇಕರು ತಿಳಿಯುತ್ತಾರೆ. ಬಹುತೇಕ ಕಾರ್ಡುಗಳಲ್ಲಿ ಅದು ಚಿನ್ನದ ಬಣ್ಣ.

ಚಿನ್ನವನ್ನು 30–40 ನ್ಯಾನೊಮೀಟರಿನಷ್ಟು ಚಿಕ್ಕ ಕಣಗಳಾಗಿ ನೀರಿನಲ್ಲಿ ತೇಲಿಬಿಟ್ಟಾಗ ಅದಕ್ಕೆ ಹಳದಿ ಹೊಳಪು ಇರುವುದಿಲ್ಲ. ಕಣದ ಎಲೆಕ್ಟ್ರಾನುಗಳು ಬೆಳಕಿನ ತಾಳಕ್ಕೆ ಒಟ್ಟಾಗಿ ತೂಗಾಡುತ್ತಾ ಹಸಿರು ಭಾಗವನ್ನು ಹೀರಿಕೊಳ್ಳುತ್ತವೆ, ನಮ್ಮ ಕಣ್ಣಿಗೆ ಉಳಿದ ಕೆಂಪು ಬರುತ್ತದೆ. ಈ ಮಾಣಿಕ್ಯಗೆಂಪು ದ್ರಾವಣವನ್ನು ಕುರಿತು ಮೈಕೆಲ್ ಫ್ಯಾರಡೆ 1857ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಉಪನ್ಯಾಸ ಕೊಟ್ಟಿದ್ದರು. ‘ನ್ಯಾನೊ’ ಎಂಬ ಮಾತು ವಿಜ್ಞಾನಕ್ಕೆ ಬರುವುದಕ್ಕೆ ಎಷ್ಟೋ ಕಾಲ ಮೊದಲು. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೊಮೀಟರು. ನಮ್ಮ ಕೆಂಪು ರಕ್ತಕಣವೊಂದರ ಅಗಲವೇ ಸುಮಾರು 7,000 ನ್ಯಾನೊಮೀಟರ್ ಎಂದರೆ ಆ ಚಿನ್ನದ ಕಣದ ಗಾತ್ರ ಅಂದಾಜಿಗೆ ಸಿಗಬಹುದು. ಕಾರ್ಡಿನಲ್ಲಿ ಪ್ರತಿ ಕಣದ ಮೈಗೂ ಮನುಷ್ಯನ ಹಿಮೊಗ್ಲೋಬಿನನ್ನು ಹಿಡಿಯುವ ಪ್ರತಿಕಾಯಗಳನ್ನು ಅಂಟಿಸಿರುತ್ತಾರೆ. ರಕ್ತದ ಅಂಶ ಸಿಕ್ಕರೆ ಕಣಗಳು ಗೆರೆಯ ಜಾಗದಲ್ಲಿ ಸಾಲುಗಟ್ಟಿ ನಿಲ್ಲುತ್ತವೆ, ಸಿಗದಿದ್ದರೆ ಮುಂದೆ ಹರಿದು ಹೋಗುತ್ತವೆ.

ಇಲ್ಲಿಂದಲೇ ಶುರುಮಾಡಿದ್ದಕ್ಕೆ ಕಾರಣವಿದೆ. ಕರುಳಿನ ಕ್ಯಾನ್ಸರ್ ಮತ್ತು ನ್ಯಾನೊ ತಂತ್ರಜ್ಞಾನ ಎಂದೊಡನೆ ಪತ್ರಿಕೆಗಳಲ್ಲಿ ಬರುವುದು ರಕ್ತನಾಳದಲ್ಲಿ ಈಜಿಕೊಂಡು ಹೋಗಿ ಗಡ್ಡೆಯನ್ನು ಮಾತ್ರ ಹುಡುಕಿ ಕೊಲ್ಲುವ ಕಣದ ಚಿತ್ರ. ಅಂಥ ಕಣ ಇಲಿಗಳಲ್ಲಿ ಗೆದ್ದ ಸುದ್ದಿ ವರ್ಷ ವರ್ಷವೂ ಬರುತ್ತದೆ. ದೊಡ್ಡ ಕರುಳಿನ ಕ್ಯಾನ್ಸರ್ ರೋಗಿಯ ಚಿಕಿತ್ಸೆಯ ಚೀಟಿಯಲ್ಲಿ ಮಾತ್ರ ಅದು ಇನ್ನೂ ಕಾಣಿಸಿಕೊಂಡಿಲ್ಲ. ಅದೇ ಹೊತ್ತಿಗೆ ಈ ರೋಗದ ಪತ್ತೆಯಲ್ಲಿ ನ್ಯಾನೊ ಕಣಗಳು ಸದ್ದಿಲ್ಲದೆ ದುಡಿಯುತ್ತಲೇ ಬಂದಿವೆ. ಎಲ್ಲಿ ಗೆದ್ದಿವೆ, ಎಲ್ಲಿ ಸೋತಿವೆ ಎಂದು ಒಂದೊಂದನ್ನೇ ಪರಿಶೀಲಿಸಿದಾಗ ನನಗೆ ಕಂಡದ್ದು ಇಷ್ಟು: ಕಣ ತನ್ನ ಗುರಿಯ ತನಕ ಸಾಗಬೇಕಾದ ದೂರ ಕಡಿಮೆ ಇದ್ದಲ್ಲಿ, ಅಥವಾ ದೇಹ ತಾನಾಗಿಯೇ ಅದನ್ನು ಕೊಂಡೊಯ್ಯುವ ದಿಕ್ಕಿನಲ್ಲೇ ಗುರಿ ಇದ್ದಲ್ಲಿ, ಕೆಲಸ ಆಗುತ್ತದೆ. ದೇಹದ ಹರಿವಿಗೆ ಎದುರಾಗಿ ಈಜಬೇಕಾದಲ್ಲಿ ಬಹುಪಾಲು ಕಣಗಳು ದಾರಿಯಲ್ಲೇ ಕಳೆದುಹೋಗುತ್ತವೆ.

ರೋಗದ ಸ್ವಭಾವವನ್ನು ಮೊದಲು ನೋಡೋಣ. ಜಗತ್ತಿನಲ್ಲಿ 2022ರಲ್ಲಿ ಸುಮಾರು 19 ಲಕ್ಷ ಜನರಿಗೆ ದೊಡ್ಡ ಕರುಳು ಅಥವಾ ಗುದನಾಳದ ಕ್ಯಾನ್ಸರ್ ಹೊಸದಾಗಿ ಪತ್ತೆಯಾಯಿತು, ಸುಮಾರು 9 ಲಕ್ಷ ಜನ ಅದರಿಂದ ತೀರಿಕೊಂಡರು. ಹೊಸ ಪ್ರಕರಣಗಳ ಲೆಕ್ಕದಲ್ಲಿ ಇದು ಮೂರನೆಯ, ಸಾವಿನ ಲೆಕ್ಕದಲ್ಲಿ ಎರಡನೆಯ ಸ್ಥಾನದ ಕ್ಯಾನ್ಸರ್. ಆದರೂ ಇದು ಅವಸರದ ರೋಗವಲ್ಲ. ಕರುಳಿನ ಒಳಪದರದಲ್ಲಿ ಏಳುವ ಪಾಲಿಪ್ ಎಂಬ ಸಣ್ಣ ಗುಳ್ಳೆ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ. ಎಪಿಸಿ, ಕೆರಾಸ್, ಪಿ53 ಮುಂತಾದ ಜೀನುಗಳು ಹಂತಹಂತವಾಗಿ ಕೆಡುತ್ತಾ ಹೋಗುವ ಈ ದಾರಿಯನ್ನು ಎರಿಕ್ ಫಿಯರನ್ ಮತ್ತು ಬರ್ಟ್ ವೋಗಲ್‌ಸ್ಟೈನ್ 1990ರಲ್ಲಿ ವಿವರಿಸಿದರು. ಗಡ್ಡೆ ಕರುಳಿನಲ್ಲೇ ಇರುವಾಗ ಸಿಕ್ಕಿಬಿದ್ದರೆ ಅಮೆರಿಕದ ಅಂಕಿಗಳ ಪ್ರಕಾರ ಹತ್ತರಲ್ಲಿ ಒಂಬತ್ತು ಜನ ಐದು ವರ್ಷ ದಾಟುತ್ತಾರೆ. ದೂರದ ಅಂಗಗಳಿಗೆ ಹರಡಿದ ಮೇಲೆ ಸಿಕ್ಕರೆ ಆ ಸಂಖ್ಯೆ ನೂರಕ್ಕೆ 15ರ ಆಸುಪಾಸಿಗೆ ಇಳಿಯುತ್ತದೆ. ಯಾವ ಔಷಧವೂ ಈ ಅಂತರವನ್ನು ತುಂಬಿಕೊಟ್ಟಿಲ್ಲ. ಹಾಗಾಗಿ ಈ ರೋಗದಲ್ಲಿ ಬೇಗ ಕಂಡುಹಿಡಿಯುವುದೇ ಚಿಕಿತ್ಸೆಯ ಅರ್ಧ ಭಾಗ.

ಚಿನ್ನದ ಪಟ್ಟಿ ಈ ಜಾಗದಲ್ಲಿ ಉಪಯೋಗಕ್ಕೆ ಬರುತ್ತದೆ. ಹಳೆಯ ಮಲಪರೀಕ್ಷೆ ರಕ್ತದಲ್ಲಿರುವ ಹೀಮ್ ಅಂಶದ ರಾಸಾಯನಿಕ ವರ್ತನೆಯನ್ನು ನೋಡುತ್ತಿತ್ತು. ಹಿಂದಿನ ದಿನ ಮಾಂಸ ತಿಂದಿದ್ದರೂ, ಕೆಲವು ತರಕಾರಿ ತಿಂದಿದ್ದರೂ ಅದು ದಾರಿ ತಪ್ಪುತ್ತಿತ್ತು. ಪ್ರತಿಕಾಯವನ್ನು ಹೊತ್ತ ಕಣ ಮನುಷ್ಯನ ಹಿಮೊಗ್ಲೋಬಿನಿನ ಪ್ರೋಟೀನು ಭಾಗವಾದ ಗ್ಲೋಬಿನನ್ನು ಮಾತ್ರ ಗುರುತಿಸುತ್ತದೆ. ಜಠರದಲ್ಲಿ ಆದ ರಕ್ತಸ್ರಾವದ ಗ್ಲೋಬಿನ್ ಕೆಳಗೆ ಬರುವಷ್ಟರಲ್ಲಿ ಜೀರ್ಣವಾಗಿ ಹೋಗಿರುವುದರಿಂದ, ಗೆರೆ ಮೂಡಿತೆಂದರೆ ಸ್ರಾವ ಬಹುಮಟ್ಟಿಗೆ ದೊಡ್ಡ ಕರುಳಿನಲ್ಲೋ ಗುದನಾಳದಲ್ಲೋ ಇದೆ ಎಂದು ತಿಳಿಯಬಹುದು. ಇಂಥ ಪರೀಕ್ಷೆಗಳನ್ನು ಒಟ್ಟುಗೂಡಿಸಿ 2014ರಲ್ಲಿ ಮಾಡಿದ ವಿಶ್ಲೇಷಣೆಯಲ್ಲಿ, ಕ್ಯಾನ್ಸರ್ ಇರುವ ನೂರು ಜನರಲ್ಲಿ ಸುಮಾರು 79 ಜನರನ್ನು ಅವು ಹಿಡಿದುಕೊಟ್ಟವು, ಕ್ಯಾನ್ಸರ್ ಇಲ್ಲದ ನೂರರಲ್ಲಿ ಸುಮಾರು 94 ಜನರಿಗೆ ಇಲ್ಲ ಎಂದೇ ಹೇಳಿದವು. ಇನ್ನೂ ಕ್ಯಾನ್ಸರ್ ಆಗದ, ರಕ್ತ ಸೋರದ ಪಾಲಿಪ್‌ಗಳ ವಿಚಾರದಲ್ಲಿ ಮಾತ್ರ ಪರೀಕ್ಷೆ ದುರ್ಬಲ. ಬೆಳೆದ ಪಾಲಿಪ್‌ಗಳಲ್ಲೂ ಅರ್ಧಕ್ಕಿಂತ ಹೆಚ್ಚು ತಪ್ಪಿಹೋಗುತ್ತವೆ. ಸೋರದ ರಕ್ತವನ್ನು ಎಷ್ಟು ಸೂಕ್ಷ್ಮವಾದ ಕಣವೂ ಹಿಡಿಯಲಾರದು.

ಈ ಕೊರತೆಯನ್ನು ದಾಟಲು ಅಮೆರಿಕದ ಎಂಐಟಿ ಎಂಬ ತಂತ್ರಜ್ಞಾನ ಸಂಸ್ಥೆಯಲ್ಲಿ ಸಂಗೀತಾ ಭಾಟಿಯಾ ಅವರ ತಂಡ ಹಿಡಿದ ದಾರಿ ನನಗೆ ಬಹಳ ಮೆಚ್ಚುಗೆಯಾದದ್ದು. ಗಡ್ಡೆಗಳು ಸುತ್ತಲಿನ ಅಂಗಾಂಶವನ್ನು ಕಡಿದುಕೊಂಡು ಬೆಳೆಯಲು ಪ್ರೋಟೀನನ್ನು ತುಂಡರಿಸುವ ಕಿಣ್ವಗಳನ್ನು ಹೊರಸೂಸುತ್ತವೆ. ಆ ಕಿಣ್ವಕ್ಕೆ ಸಿಕ್ಕರೆ ಕತ್ತರಿಸಿಹೋಗುವ ಪುಟ್ಟ ಪೆಪ್ಟೈಡ್ ಎಳೆಗಳನ್ನು (ಪ್ರೋಟೀನಿನ ತುಣುಕುಗಳನ್ನು) ನ್ಯಾನೊ ಕಣದ ಮೇಲೆ ನೆಟ್ಟು ಇಲಿಯ ರಕ್ತಕ್ಕೆ ಬಿಡುತ್ತಾರೆ. ಗಡ್ಡೆಯ ಬಳಿ ತುಂಡಾದ ಎಳೆ ಮೂತ್ರಪಿಂಡದ ಸೋಸುವಿಕೆಯನ್ನು ದಾಟಿ ಮೂತ್ರಕ್ಕೆ ಬರುತ್ತದೆ. ಕಣ ದೊಡ್ಡದಾದ್ದರಿಂದ ಒಳಗೇ ಉಳಿಯುತ್ತದೆ. 2014ರಲ್ಲಿ ಪ್ರಕಟವಾದ ಕೆಲಸದಲ್ಲಿ ಕರುಳಿನ ಕ್ಯಾನ್ಸರ್ ಇದ್ದ ಇಲಿಗಳ ಮೂತ್ರವನ್ನು ಕಾಗದದ ಪಟ್ಟಿಯ ಮೇಲೆ ಹಾಕಿ ರೋಗವನ್ನು ಗುರುತಿಸಿದರು. ಒಂದು ಕಿಣ್ವ ಸಾವಿರಾರು ಎಳೆಗಳನ್ನು ಕತ್ತರಿಸಬಲ್ಲುದರಿಂದ ಕೆಲವೇ ಕಣಗಳು ಗಡ್ಡೆಯನ್ನು ಮುಟ್ಟಿದರೂ ಸಾಕು, ಸುಳಿವು ದೊಡ್ಡದಾಗಿ ಹೊರಬರುತ್ತದೆ. ಗುರಿ ಮುಟ್ಟುವ ಕಣ ಕಡಿಮೆ ಎಂಬ ಕೊರತೆಯನ್ನು ಮೊದಲೇ ಒಪ್ಪಿಕೊಂಡು ಕಟ್ಟಿದ ಉಪಾಯ ಇದು. ಇಲಿಯಲ್ಲಿ ಕಂಡದ್ದು ಮನುಷ್ಯರಲ್ಲಿ ಕರುಳಿನ ಕ್ಯಾನ್ಸರಿಗೆ ಬಳಕೆಗೆ ಬರುವ ಪರೀಕ್ಷೆಯಾಗಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು.

ಮನುಷ್ಯರಲ್ಲಿ ಬಳಕೆಗೆ ಬಂದ ಇನ್ನೊಂದು ಪರೀಕ್ಷೆ ಸೆಲ್‌ಸರ್ಚ್. ಗಡ್ಡೆಯಿಂದ ಕಳಚಿ ರಕ್ತದಲ್ಲಿ ಅಲೆಯುವ ಕ್ಯಾನ್ಸರ್ ಕೋಶಗಳನ್ನು ಅದು ಎಣಿಸುತ್ತದೆ. ಎಪ್‌ಕ್ಯಾಮ್ ಎಂಬ ಪ್ರೋಟೀನು ಕರುಳಿನ ಒಳಪದರದಂಥ ಹೊದಿಕೆಪದರಗಳಿಂದ ಹುಟ್ಟಿದ ಕೋಶಗಳ ಮೈಮೇಲೆ ಇರುತ್ತದೆ, ರಕ್ತಕಣಗಳ ಮೇಲೆ ಇರುವುದಿಲ್ಲ. ಅದನ್ನು ಹಿಡಿಯುವ ಪ್ರತಿಕಾಯವನ್ನು ಕಬ್ಬಿಣದ ನ್ಯಾನೊ ಕಣಕ್ಕೆ ಅಂಟಿಸಿ ರಕ್ತದೊಡನೆ ಬೆರೆಸಿ, ನಂತರ ಅಯಸ್ಕಾಂತದಿಂದ ಎಳೆಯುತ್ತಾರೆ. ಏಳೂವರೆ ಮಿಲಿಲೀಟರ್ ರಕ್ತದಲ್ಲಿ ಕೆಂಪು ಕಣಗಳೇ 3,500 ಕೋಟಿಗೂ ಹೆಚ್ಚು. ಅಷ್ಟರ ನಡುವೆ ಮೂರು ಕ್ಯಾನ್ಸರ್ ಕೋಶ ಸಿಕ್ಕರೂ ಕರುಳಿನ ಕ್ಯಾನ್ಸರ್ ರೋಗಿಗೆ ಅದು ಕೆಟ್ಟ ಸೂಚನೆ ಎಂದು ಲೆಕ್ಕ. ಅಮೆರಿಕದ ಔಷಧ ನಿಯಂತ್ರಕ ಸಂಸ್ಥೆ ಎಫ್‌ಡಿಎ ಇದನ್ನು ಸ್ತನ ಕ್ಯಾನ್ಸರಿಗೆ 2004ರಲ್ಲಿ, ಹರಡಿದ ಕರುಳಿನ ಕ್ಯಾನ್ಸರಿಗೆ 2007ರಲ್ಲಿ ಒಪ್ಪಿತು. 430 ರೋಗಿಗಳ ಅಧ್ಯಯನವೊಂದರಲ್ಲಿ ಮೂರಕ್ಕಿಂತ ಕಡಿಮೆ ಕೋಶ ಇದ್ದವರ ಬದುಕಿನ ಮಧ್ಯಮಾಂಕ (ಅರ್ಧದಷ್ಟು ಜನ ದಾಟಿದ ಕಾಲ) 18.5 ತಿಂಗಳು, ಮೂರು ಅಥವಾ ಹೆಚ್ಚು ಇದ್ದವರದು 8.5 ತಿಂಗಳು.

ಕಣದ ಕೌಶಲ ಇಲ್ಲಿ ಸಂಶಯಾತೀತ. ಹಾಗಿದ್ದೂ ಈ ಪರೀಕ್ಷೆ ನಿತ್ಯದ ಚಿಕಿತ್ಸೆಯ ಭಾಗವಾಗಿ ಎಲ್ಲೆಡೆ ಬೇರೂರಲಿಲ್ಲ. ರೋಗಿಗೆ ಉಳಿದ ಕಾಲ ಕಡಿಮೆ ಎಂದು ತಿಳಿದ ಮೇಲೆ ವೈದ್ಯರು ಬೇರೆ ಏನು ಮಾಡಬಹುದು ಎಂಬ ಪ್ರಶ್ನೆಗೆ ಪರೀಕ್ಷೆಯ ಬಳಿ ಉತ್ತರವಿರಲಿಲ್ಲ. ಸ್ತನ ಕ್ಯಾನ್ಸರಿನಲ್ಲಿ ಕೋಶಗಳ ಸಂಖ್ಯೆ ನೋಡಿ ಕಿಮೊಥೆರಪಿಯನ್ನು ಬೇಗನೆ ಬದಲಿಸಿ ನೋಡಿದ ಪ್ರಯೋಗ 2014ರಲ್ಲಿ ಪ್ರಕಟವಾಯಿತು. ಬದಲಿಸಿದವರು ಹೆಚ್ಚು ಕಾಲ ಬದುಕಲಿಲ್ಲ. ಹೊಸ ಪರೀಕ್ಷೆಯೊಂದರ ವರದಿ ಓದುವಾಗ ಅದು ಎಷ್ಟು ಸೂಕ್ಷ್ಮ ಎಂಬುದನ್ನಷ್ಟೇ ನಾವು ಕೇಳುತ್ತೇವೆ. ಅದರ ಉತ್ತರ ಬಂದ ಮಾರನೆಯ ದಿನ ರೋಗಿಯ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ ಎಂಬುದನ್ನೂ ಕೇಳಬೇಕು.

ಈಗ ಔಷಧದ ಕಡೆಗೆ ಬರೋಣ. ರಕ್ತಕ್ಕೆ ಚುಚ್ಚಿದ ನ್ಯಾನೊ ಕಣ ಗಡ್ಡೆಯಲ್ಲಿ ತಂಗುತ್ತದೆ ಎಂಬ ನಂಬಿಕೆಗೆ ತಳಹದಿ ಹಾಕಿದ್ದು ಜಪಾನಿನ ಕುಮಾಮೊಟೊದಲ್ಲಿ ಹಿರೋಶಿ ಮಯೇದಾ ಮತ್ತು ಯಸುಹಿರೊ ಮತ್ಸುಮುರಾ 1986ರಲ್ಲಿ ಪ್ರಕಟಿಸಿದ ಕೆಲಸ. ಅವಸರದಲ್ಲಿ ಬೆಳೆದ ಗಡ್ಡೆಯ ರಕ್ತನಾಳಗಳು ಸರಿಯಾಗಿ ಹೆಣೆದಿರುವುದಿಲ್ಲ, ಅವುಗಳ ಸಂದಿಗಳಿಂದ ದೊಡ್ಡ ಅಣುಗಳು ಸೋರುತ್ತವೆ, ಅಂಗಾಂಶದ ದ್ರವವನ್ನು ಹೊರಸಾಗಿಸುವ ದುಗ್ಧನಾಳವಿಲ್ಲದೆ ಅಲ್ಲೇ ಉಳಿಯುತ್ತವೆ ಎಂಬುದು ತರ್ಕ. ಮೂವತ್ತು ವರ್ಷ ಜಗತ್ತಿನ ಸಾವಿರಾರು ಪ್ರಯೋಗಾಲಯಗಳು ಈ ತರ್ಕದ ಮೇಲೆ ಕಣ ಕಟ್ಟಿದವು. 2016ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ವಾರೆನ್ ಚಾನ್ ಅವರ ತಂಡ ಹಿಂದಿನ ಹತ್ತು ವರ್ಷಗಳ ಪ್ರಯೋಗಗಳನ್ನು ಕಲೆಹಾಕಿ ಲೆಕ್ಕ ಹಾಕಿದಾಗ, ಚುಚ್ಚಿದ ಕಣಗಳಲ್ಲಿ ಗಡ್ಡೆ ತಲುಪಿದ ಪಾಲಿನ ಮಧ್ಯಮಾಂಕ ಶೇ 0.7. ಸಾವಿರ ಕಣ ಹೊರಟರೆ ಏಳು ಮುಟ್ಟುತ್ತವೆ. 2020ರಲ್ಲಿ ಅದೇ ತಂಡ ಇನ್ನೊಂದು ಮಾತನ್ನೂ ಹೇಳಿತು: ಮುಟ್ಟುವ ಆ ಕೆಲವು ಕಣಗಳೂ ಬಹುಪಾಲು ಸಂದಿಗಳಿಂದ ಸೋರಿ ಬಂದವಲ್ಲ, ರಕ್ತನಾಳದ ಕೋಶಗಳು ತಾವೇ ಒಳಗೆಳೆದುಕೊಂಡು ದಾಟಿಸಿದವು.

ಇಲಿಯಲ್ಲಿ ಗೆದ್ದದ್ದು ಮನುಷ್ಯನಲ್ಲಿ ಸೋಲುವುದಕ್ಕೆ ಇನ್ನೂ ಸರಳವಾದ ಕಾರಣವಿದೆ. ಕರುಳಿನ ಕ್ಯಾನ್ಸರಿನ ಬಹಳಷ್ಟು ನ್ಯಾನೊ ಪ್ರಯೋಗಗಳಲ್ಲಿ ಸಿಟಿ26 ಅಥವಾ ಎಚ್‌ಸಿಟಿ116 ಎಂಬ, ಪ್ರಯೋಗಾಲಯದಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳನ್ನು ಇಲಿಯ ಚರ್ಮದ ಕೆಳಗೆ ಚುಚ್ಚಿ ಎರಡು ಮೂರು ವಾರದಲ್ಲಿ ಗಡ್ಡೆ ಬೆಳೆಸುತ್ತಾರೆ. 20 ಗ್ರಾಂ ತೂಗುವ ಇಲಿಯ ಮೈಮೇಲೆ 1 ಗ್ರಾಂ ಗಡ್ಡೆ ಎಂದರೆ 60 ಕೆ.ಜಿ. ಮನುಷ್ಯನಲ್ಲಿ 3 ಕೆ.ಜಿ. ಗಡ್ಡೆ ಇದ್ದಂತೆ. ಅದೂ ಚರ್ಮದಡಿಯಲ್ಲಿ, ಕರುಳಿನಿಂದ ದೂರ, ಕರುಳಿನ ಬ್ಯಾಕ್ಟೀರಿಯಾ ಲೋಕದ ಸಂಪರ್ಕವಿಲ್ಲದೆ, ವಾರಗಳಲ್ಲಿ ಹುಟ್ಟಿಕೊಂಡ, ಸೋರುವ ನಾಳಗಳ ಗಡ್ಡೆ. ಹತ್ತು ವರ್ಷ ತೆಗೆದುಕೊಂಡು ಗಟ್ಟಿ ನಾರಿನ ಹಂದರ ಕಟ್ಟಿಕೊಂಡು ಬೆಳೆದ ಮನುಷ್ಯನ ಗಡ್ಡೆಗೂ ಇದಕ್ಕೂ ಹೋಲಿಕೆ ಕಡಿಮೆ.

ಹಾಗಾದರೆ ಉಳಿದ ಕಣಗಳು ಎಲ್ಲಿ ಹೋಗುತ್ತವೆ? ಬಹುಪಾಲು ಯಕೃತ್ತಿಗೆ, ಒಂದಿಷ್ಟು ಗುಲ್ಮಕ್ಕೆ. ಯಕೃತ್ತಿನಲ್ಲಿ ಕುಫರ್ ಕೋಶಗಳೆಂಬ ಕಾವಲುಗಾರರಿದ್ದಾರೆ. ರಕ್ತದಲ್ಲಿ ಬರುವ ಬ್ಯಾಕ್ಟೀರಿಯಾ, ಸತ್ತ ಕೋಶದ ಚೂರುಗಳನ್ನು ನುಂಗುವುದು ಅವರ ಕಸುಬು, ನ್ಯಾನೊ ಕಣವನ್ನೂ ಅದೇ ಸಾಲಿಗೆ ಸೇರಿಸುತ್ತಾರೆ. ಔಷಧ ತಯಾರಕರಿಗೆ ಇದು ತಲೆನೋವು. ಕರುಳಿನ ಕ್ಯಾನ್ಸರಿನ ಮಟ್ಟಿಗೆ ಮಾತ್ರ ಇದೇ ನಡವಳಿಕೆ ಒಮ್ಮೆ ವರವಾಗಿ ಒದಗಿತ್ತು. ಕರುಳಿನ ರಕ್ತವೆಲ್ಲ ಪೋರ್ಟಲ್ ಸಿರೆಯ ಮೂಲಕ ಮೊದಲು ಯಕೃತ್ತಿಗೆ ಹೋಗುವುದರಿಂದ ಈ ಕ್ಯಾನ್ಸರ್ ಹರಡಿದಾಗ ಸಾಮಾನ್ಯವಾಗಿ ಮೊದಲು ಬೇರು ಬಿಡುವುದೂ ಅಲ್ಲೇ. ಎಫ್‌ಡಿಎ 1996ರಲ್ಲಿ ಒಪ್ಪಿದ ಫೆರಿಡೆಕ್ಸ್ ಎಂಬ ಕಬ್ಬಿಣದ ಆಕ್ಸೈಡಿನ ನ್ಯಾನೊ ಕಣವನ್ನು ರಕ್ತಕ್ಕೆ ಕೊಟ್ಟು ಎಂಆರ್‌ಐ ತೆಗೆದರೆ, ಕಣ ನುಂಗಿದ ಆರೋಗ್ಯವಂತ ಯಕೃತ್ತು ಚಿತ್ರದಲ್ಲಿ ಕಪ್ಪಾಗುತ್ತಿತ್ತು. ಕುಫರ್ ಕೋಶಗಳಿಲ್ಲದ ಕ್ಯಾನ್ಸರ್ ಗಂಟುಗಳು ಕತ್ತಲಲ್ಲಿ ದೀಪದಂತೆ ಬೆಳ್ಳಗೆ ಉಳಿಯುತ್ತಿದ್ದವು. ಕಣವನ್ನು ಗಡ್ಡೆಗೆ ಕಳಿಸುವ ಗೊಡವೆಯೇ ಇಲ್ಲ. ಅದು ಹೋಗುವಲ್ಲಿಗೇ ಹೋಗಲು ಬಿಟ್ಟು, ಹೋಗದ ಜಾಗವನ್ನು ನೋಡುವುದು. ಎಂಆರ್‌ಐ ಚಿತ್ರಕ್ಕೆ ಬಳಸುವ ಬೇರೆ ಬಗೆಯ ಗ್ಯಾಡೊಲಿನಿಯಂ ಔಷಧಗಳು ಬಂದ ಮೇಲೆ ಫೆರಿಡೆಕ್ಸ್ ಮಾರುಕಟ್ಟೆಯಿಂದ ಮರೆಯಾಯಿತು. ಅದರ ಹಿಂದಿದ್ದ ಯೋಚನೆ ಹಳತಾಗಿಲ್ಲ.

ಇದೇ ಚಿತ್ರ ಔಷಧದ ಕಷ್ಟವನ್ನೂ ತೋರಿಸುತ್ತದೆ. ಯಕೃತ್ತಿಗೆ ಅಷ್ಟೊಂದು ಕಣ ಹೋಗುವುದಾದರೆ ಅಲ್ಲಿನ ಕ್ಯಾನ್ಸರ್ ಗಂಟಿಗೂ ಔಷಧ ಸಿಕ್ಕಂತಾಯಿತಲ್ಲ ಎಂದು ಯಾರಿಗೂ ಅನ್ನಿಸುತ್ತದೆ. ಕಣ ಸೇರುವುದು ಕುಫರ್ ಕೋಶದ ಹೊಟ್ಟೆಗೆ. ಗಂಟು ಅದರಿಂದ ಹೊರಗೇ ಉಳಿಯುತ್ತದೆ. ಊರು ಸರಿಯಾಗಿ ತಲುಪಿ, ಪಕ್ಕದ ಮನೆಯಲ್ಲೇ ಬುತ್ತಿ ಖಾಲಿ ಮಾಡಿಕೊಂಡ ನೆಂಟನ ಹಾಗೆ.

ಇರಿನೊಟೆಕಾನ್ ಎಂಬ ಔಷಧದ ಕಥೆಯನ್ನು ನೋಡಿ. ಹರಡಿದ ಕರುಳಿನ ಕ್ಯಾನ್ಸರಿಗೆ ಕೊಡುವ ಫೋಲ್‌ಫಿರಿ ಎಂಬ ಕಿಮೊಥೆರಪಿಯ ಬೆನ್ನೆಲುಬು ಅದೇ. ರೋಗಿಯನ್ನು ಹಣ್ಣು ಮಾಡುವ ಭೇದಿ ಅದರ ದೊಡ್ಡ ಅಡ್ಡಪರಿಣಾಮ. ಅದನ್ನು ಕೊಬ್ಬಿನ ಪದರದ ಪುಟ್ಟ ಗೋಳದಲ್ಲಿ, ಅಂದರೆ ಲೈಪೊಸೋಮಿನಲ್ಲಿ ತುಂಬಿದ ಓನಿವೈಡ್ ಎಂಬ ಔಷಧಕ್ಕೆ ಎಫ್‌ಡಿಎ 2015ರಲ್ಲಿ ಒಪ್ಪಿಗೆ ಕೊಟ್ಟಿತು, ಅದೂ ಮೇದೋಜೀರಕ ಗ್ರಂಥಿಯ ಕ್ಯಾನ್ಸರಿಗೆ. ಇರಿನೊಟೆಕಾನಿನ ತವರುಮನೆಯಂತಿದ್ದ ಕರುಳಿನ ಕ್ಯಾನ್ಸರಿನಲ್ಲಿ ಆ ಲೈಪೊಸೋಮನ್ನು ಮಾಮೂಲಿ ಇರಿನೊಟೆಕಾನಿಗೆ ಎದುರಿಟ್ಟು ಫ್ರಾನ್ಸಿನಲ್ಲಿ 55 ರೋಗಿಗಳ ಸಣ್ಣ ಪ್ರಯೋಗವೊಂದು ನಡೆಯಿತು. ತೀವ್ರ ಭೇದಿ ಸ್ವಲ್ಪ ಕಡಿಮೆಯಾಗಿ ಕಂಡಿತು, ಗಡ್ಡೆ ಕುಗ್ಗಿಸುವುದರಲ್ಲಿ ಹೇಳಿಕೊಳ್ಳುವಂಥ ಮೇಲುಗೈ ಸಿಗಲಿಲ್ಲ. ನ್ಯಾನೊ ಔಷಧಗಳಲ್ಲೇ ಮೊದಲನೆಯದಾಗಿ 1995ರಲ್ಲಿ ಒಪ್ಪಿಗೆ ಪಡೆದ, ಡಾಕ್ಸೊರುಬಿಸಿನ್ ಎಂಬ ಔಷಧವನ್ನು ಲೈಪೊಸೋಮಿನಲ್ಲಿ ತುಂಬಿದ ಡಾಕ್ಸಿಲ್‌ನದೂ ಇದೇ ಅನುಭವ. ಸ್ತನ ಕ್ಯಾನ್ಸರಿನಲ್ಲಿ ಅದು ಹಳೆಯ ಡಾಕ್ಸೊರುಬಿಸಿನಿನಷ್ಟೇ ಕೆಲಸ ಮಾಡಿತು. ಗೆದ್ದದ್ದು ಹೃದಯಕ್ಕೆ ಆಗುವ ಹಾನಿಯನ್ನು ತಗ್ಗಿಸಿದ್ದರಲ್ಲಿ. ನಾನು ಇದನ್ನು ಸೋಲು ಎನ್ನಲಾರೆ. ಕಿಮೊಥೆರಪಿಯ ಮೂರನೆಯ ಸುತ್ತಿಗೆ ಹೋಗಲು ಹೆದರಿ ಕುಳಿತ ರೋಗಿಯನ್ನು ಹತ್ತಿರದಿಂದ ಕಂಡವರಿಗೆ ಅಡ್ಡಪರಿಣಾಮ ತಗ್ಗುವುದು ಎಷ್ಟು ದೊಡ್ಡ ಮಾತೆಂದು ಗೊತ್ತು. ಆದರೆ ಗುರಿಯಿಟ್ಟು ಹೊಡೆಯುವ ಅಸ್ತ್ರ ಎಂದು ಹೆಸರಿಟ್ಟು ಮಾರಿದಾಗ, ಅದು ನಿಜವಾಗಿ ಕೊಡುತ್ತಿರುವ ಈ ನೆಮ್ಮದಿಯ ಮಾತು ಮರೆಯಾಗುತ್ತದೆ.

ದೂರವನ್ನೇ ಇಲ್ಲವಾಗಿಸಿದ ಪ್ರಯತ್ನಗಳ ಫಲ ಬೇರೆಯೇ ಇದೆ. ಕರುಳಿನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಲ್ಲಿ ಕರುಳಿನ ತುಂಡಿನ ಜೊತೆಗೆ ಅದರ ಕೊಬ್ಬಿನಲ್ಲಿ ಹುದುಗಿರುವ ದುಗ್ಧಗ್ರಂಥಿಗಳನ್ನೂ ತೆಗೆಯಬೇಕು, ಕನಿಷ್ಠ 12 ಗ್ರಂಥಿಗಳನ್ನಾದರೂ ಪರೀಕ್ಷಿಸಬೇಕು ಎಂಬುದು ಎಲ್ಲರೂ ಒಪ್ಪಿದ ಅಳತೆ. ಗ್ರಂಥಿಯಲ್ಲಿ ಕ್ಯಾನ್ಸರ್ ಇದೆಯೇ ಇಲ್ಲವೇ ಎಂಬುದರ ಮೇಲೆ ಮುಂದೆ ಕಿಮೊಥೆರಪಿ ಬೇಕೇ ಎಂಬ ತೀರ್ಮಾನ ನಿಂತಿದೆ. ಹಳದಿ ಕೊಬ್ಬಿನ ನಡುವೆ ಅದೇ ಬಣ್ಣದ, ಅಕ್ಕಿಕಾಳಿನಷ್ಟು ಚಿಕ್ಕ ಗ್ರಂಥಿಯನ್ನು ಬೆರಳಿನಿಂದ ತಡವಿ ಹುಡುಕುವುದು ರೋಗಶಾಸ್ತ್ರಜ್ಞರಿಗೆ ತಾಳ್ಮೆಯ ಪರೀಕ್ಷೆ. ಚೀನಾದ ಆಸ್ಪತ್ರೆಗಳಲ್ಲಿ ಇದಕ್ಕೆ ಇಂಗಾಲದ ನ್ಯಾನೊ ಕಣಗಳ ದ್ರಾವಣ ಬಳಕೆಯಲ್ಲಿದೆ. ಗಡ್ಡೆಯ ಸುತ್ತ ಚುಚ್ಚಿದ ಸುಮಾರು 150 ನ್ಯಾನೊಮೀಟರಿನ ಈ ಕಣಗಳು ಅತಿ ಸಣ್ಣ ರಕ್ತನಾಳವಾದ ಲೋಮನಾಳದ ಕಿರಿದಾದ ಸಂದಿಗಳಲ್ಲಿ ನುಸುಳಲಾರವು, ದುಗ್ಧನಾಳದ ಅಗಲ ಸಂದಿಗಳಲ್ಲಿ ಸಲೀಸಾಗಿ ಸೇರಿಕೊಳ್ಳುತ್ತವೆ. ಕೆಲವು ಸೆಂಟಿಮೀಟರ್ ಸಾಗಿ ಗ್ರಂಥಿಗಳಲ್ಲಿ ತಂಗುತ್ತವೆ. ತಟ್ಟೆಯ ಮೇಲೆ ಹರಡಿದ ಹಳದಿ ಕೊಬ್ಬಿನಲ್ಲಿ ಗ್ರಂಥಿಗಳು ಆಗ ಕಾಳುಮೆಣಸು ಚೆಲ್ಲಿದ ಹಾಗೆ ಕಪ್ಪಗೆ ಎದ್ದು ಕಾಣುತ್ತವೆ. ಕಪ್ಪಾದ ಗ್ರಂಥಿಯಲ್ಲೆಲ್ಲ ಕ್ಯಾನ್ಸರ್ ಇದೆ ಎಂದಲ್ಲ. ಕ್ಯಾನ್ಸರಿನಿಂದ ಪೂರ್ತಿ ತುಂಬಿಹೋದ ಗ್ರಂಥಿಗೆ ಬಣ್ಣ ಹೋಗದೆಯೂ ಇರಬಹುದು. ಕಣದ ಕೆಲಸ ಗ್ರಂಥಿ ಎಲ್ಲಿದೆ ಎಂದು ತೋರಿಸುವುದು.

ವಿಕಿರಣ ಚಿಕಿತ್ಸೆಯಲ್ಲೂ ಇಂಥದೊಂದು ದಾರಿ ಇದೆ. ಹಾಫ್ನಿಯಂ ಆಕ್ಸೈಡಿನ ನ್ಯಾನೊ ಕಣಗಳನ್ನು ರಕ್ತಕ್ಕೆ ಕೊಡದೆ ನೇರವಾಗಿ ಗಡ್ಡೆಗೇ ಚುಚ್ಚುತ್ತಾರೆ. ಭಾರವಾದ ಈ ಧಾತು ವಿಕಿರಣವನ್ನು ಹೆಚ್ಚು ಹೀರಿಕೊಂಡು ತನ್ನ ಸುತ್ತಲೇ ಎಲೆಕ್ಟ್ರಾನುಗಳನ್ನು ಎರಚುವುದರಿಂದ ಅದೇ ಪ್ರಮಾಣದ ವಿಕಿರಣಕ್ಕೆ ಗಡ್ಡೆಯೊಳಗೆ ಹಾನಿ ಹೆಚ್ಚುತ್ತದೆ. ಮೃದು ಅಂಗಾಂಶದ ಸಾರ್ಕೋಮಾ ಎಂಬ ಕ್ಯಾನ್ಸರಿನಲ್ಲಿ ನಡೆದ ಪ್ರಯೋಗದಲ್ಲಿ ಗಡ್ಡೆ ಪೂರ್ತಿಯಾಗಿ ಸತ್ತವರ ಪ್ರಮಾಣ ವಿಕಿರಣವೊಂದನ್ನೇ ಪಡೆದವರಲ್ಲಿ ಶೇ 8, ಕಣವನ್ನೂ ಪಡೆದವರಲ್ಲಿ ಶೇ 16 ಇತ್ತು; ಯುರೋಪಿನಲ್ಲಿ 2019ರಲ್ಲಿ ಒಪ್ಪಿಗೆಯೂ ಸಿಕ್ಕಿತು. ಗುದನಾಳದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಗೆ ಮುಂಚೆ ವಿಕಿರಣ ಕೊಡುವುದು ರೂಢಿ, ಗಡ್ಡೆಯೂ ಸೂಜಿಗೆ ಎಟುಕುವ ಜಾಗದಲ್ಲಿರುತ್ತದೆ. ಅಲ್ಲಿಯೂ ಆರಂಭಿಕ ಹಂತದ ಪ್ರಯೋಗ ಮಾಡಿದ್ದಾರೆ. ಚಿನ್ನದ ಕಣವನ್ನು ಬೆಳಕಿನಿಂದ ಕಾಯಿಸಿ ಗಡ್ಡೆ ಸುಡುವ ವಿಧಾನವೂ ಇದೇ ಜಾತಿಯದು, ಆದರೆ ಬೆಳಕು ಅಂಗಾಂಶದೊಳಗೆ ಹೆಚ್ಚು ಆಳ ಇಳಿಯುವುದಿಲ್ಲ. ಕರುಳಿನ ಕ್ಯಾನ್ಸರಿನಲ್ಲಿ ಅದರ ಸಾಕ್ಷ್ಯ ಬಹುಮಟ್ಟಿಗೆ ಇಲಿಗಳದ್ದೇ.

ದೊಡ್ಡ ಕರುಳಿಗೆ ರಕ್ತದ ಹಾದಿಯನ್ನು ಬಿಟ್ಟು ಬಾಯಿಯ ಹಾದಿಯೂ ಇದೆಯಲ್ಲ ಎಂಬ ಯೋಚನೆ ಭಾರತದ ಔಷಧ ವಿಜ್ಞಾನಿಗಳನ್ನು ಬಹುಕಾಲ ಸೆಳೆದಿದೆ. ನಾವು ಪಲ್ಯ ಮಾಡುವ ಗೋರಿಕಾಯಿಯ ಬೀಜದಿಂದ ತೆಗೆಯುವ ಗ್ವಾರ್ ಅಂಟು ಜಠರದಲ್ಲಾಗಲಿ ಸಣ್ಣ ಕರುಳಿನಲ್ಲಾಗಲಿ ಸುಲಭಕ್ಕೆ ಕರಗುವುದಿಲ್ಲ, ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಅದನ್ನು ಬಿಡಿಸುತ್ತವೆ. ವಿಶಾಖಪಟ್ಟಣದ ಆಂಧ್ರ ವಿಶ್ವವಿದ್ಯಾಲಯದಲ್ಲಿ 1990ರ ದಶಕದ ಕೊನೆಯಲ್ಲಿ ಇಂಥ ಮಾತ್ರೆಗಳನ್ನು ಸ್ವಯಂಸೇವಕರಿಗೆ ಕೊಟ್ಟು, ಅವು ದೊಡ್ಡ ಕರುಳು ಮುಟ್ಟುವುದನ್ನು ವಿಕಿರಣ ಗುರುತಿನ ಮೂಲಕ ನೋಡಿದ್ದರು. ಅವು ನ್ಯಾನೊ ಕಣಗಳಲ್ಲ; ಇಂಥ ಹೊದಿಕೆಯೊಳಗೆ ನ್ಯಾನೊ ಕಣ ತುಂಬುವ ಕೆಲಸ ಆಮೇಲೆ ಬೆಳೆಯಿತು. ಈ ದಾರಿಯ ಮಿತಿಯೂ ಸ್ಪಷ್ಟ. ಕರುಳಿನ ಒಳಮೈಯಲ್ಲೇ ಇರುವ ಪಾಲಿಪನ್ನು ಕೊಲೊನೊಸ್ಕೊಪಿಯಲ್ಲೇ, ಅಂದರೆ ಗುದದ್ವಾರದಿಂದ ಕ್ಯಾಮೆರಾ ಕೊಳವೆ ತೂರಿಸಿ ನೋಡುವಾಗಲೇ, ಕುಣಿಕೆ ಹಾಕಿ ಕತ್ತರಿಸಬಹುದು, ಔಷಧ ಬೇಕಿಲ್ಲ. ಔಷಧ ಬೇಕಾಗುವ ಹೊತ್ತಿಗೆ ರೋಗ ಕರುಳಿನ ಗೋಡೆಯನ್ನು ದಾಟಿರುತ್ತದೆ.

ದೇಹದ ಹರಿವಿನ ಜೊತೆಗೇ ಸಾಗುವ ಇತ್ತೀಚಿನ ಪ್ರಯತ್ನ ಎಂಆರ್‌ಎನ್‌ಎ ಲಸಿಕೆಯದು. ರೋಗಿಯ ಗಡ್ಡೆಯಲ್ಲಿರುವ ತಪ್ಪು ಪ್ರೋಟೀನುಗಳ ಪಟ್ಟಿಯನ್ನು ಓದಿ, ಆ ಪ್ರೋಟೀನುಗಳನ್ನು ತಯಾರಿಸುವ ಸೂಚನೆ ಹೊತ್ತ ಆರ್‌ಎನ್‌ಎಯನ್ನು ಕೊಬ್ಬಿನ ನ್ಯಾನೊ ಕಣಗಳೊಡನೆ ಬೆಸೆದು ರಕ್ತಕ್ಕೆ ಕೊಡುತ್ತಾರೆ. ಕಣ ಹೋಗಿ ಸೇರುವುದು ಗುಲ್ಮಕ್ಕೆ, ಬೇಕಾಗಿರುವುದೂ ಅದೇ. ಶತ್ರು ಯಾರೆಂದು ರೋಗನಿರೋಧಕ ವ್ಯವಸ್ಥೆಯ ಸೈನಿಕರಾದ ಟಿ ಕೋಶಗಳಿಗೆ ತೋರಿಸಿಕೊಡುವ ಕೋಶಗಳು ಅಲ್ಲಿ ಗುಂಪುಗೂಡಿರುತ್ತವೆ. ಗಡ್ಡೆಯವರೆಗೆ ನಡೆಯುವ ಕೆಲಸವನ್ನು ಕಣದ ಬದಲು ಟಿ ಕೋಶಗಳು ಮಾಡುತ್ತವೆ. ಶಸ್ತ್ರಚಿಕಿತ್ಸೆಯ ನಂತರವೂ ರಕ್ತದಲ್ಲಿ ಗಡ್ಡೆಯ ಡಿಎನ್‌ಎ ಚೂರುಗಳು ಉಳಿದಿರುವ ಕರುಳಿನ ಕ್ಯಾನ್ಸರ್ ರೋಗಿಗಳಲ್ಲಿ ಜರ್ಮನಿಯ ಬಯಾನ್‌ಟೆಕ್ ಸಂಸ್ಥೆ 2021ರಲ್ಲಿ ಎರಡನೆಯ ಹಂತದ ಪ್ರಯೋಗ ಶುರುಮಾಡಿತು. ಒಬ್ಬೊಬ್ಬ ರೋಗಿಗೂ ಬೇರೆ ಬೇರೆ ಲಸಿಕೆ ತಯಾರಿಸಬೇಕಾದ ಈ ವಿಧಾನ ಎಷ್ಟು ದುಬಾರಿಯಾಗಬಹುದೆಂದು ಹೇಳಬೇಕಿಲ್ಲ.

ತಯಾರಿಕೆಯ ಮಾತು ಬಂದಾಗ ಭಾರತ ಇದರಲ್ಲಿ ಹೊರಗಿನದೇನಲ್ಲ. 2012ರಲ್ಲಿ ಅಮೆರಿಕದಲ್ಲಿ ಡಾಕ್ಸಿಲ್ ಕೊರತೆ ಬಿದ್ದಾಗ ಎಫ್‌ಡಿಎ ಭಾರತದ ಸನ್ ಫಾರ್ಮಾದ ಲೈಪೊಡಾಕ್ಸನ್ನು ತರಿಸಿಕೊಳ್ಳಲು ಅನುಮತಿ ಕೊಟ್ಟಿತು, ಮರುವರ್ಷ ಅದರ ಜೆನೆರಿಕ್ ಔಷಧಕ್ಕೆ ಪೂರ್ಣ ಒಪ್ಪಿಗೆಯನ್ನೂ ಕೊಟ್ಟಿತು. 2021ರ ಬೇಸಿಗೆಯಲ್ಲಿ ಕಪ್ಪು ಶಿಲೀಂಧ್ರದ ರೋಗಿಗಳ ಮನೆಯವರು ಜಿಲ್ಲೆ ಜಿಲ್ಲೆ ಹುಡುಕಿ ಅಲೆದ ಲೈಪೊಸೋಮಲ್ ಆಂಫೊಟೆರಿಸಿನ್ ಇಂಜೆಕ್ಷನ್ನೂ ನ್ಯಾನೊ ಔಷಧವೇ. ಅಗತ್ಯ ಬಂದ ದಿನ ಅದು ಸಿಗದೇ ಹೋದದ್ದನ್ನು ನಾವು ಮರೆಯಬಾರದು. ಕೊಬ್ಬಿನ ಗೋಳದ ಗಾತ್ರ ಒಂದು ಬ್ಯಾಚಿನಿಂದ ಇನ್ನೊಂದಕ್ಕೆ ಸ್ವಲ್ಪ ಬದಲಾದರೂ ಔಷಧದ ನಡವಳಿಕೆಯೇ ಬದಲಾಗುವುದರಿಂದ, ಮಾಮೂಲಿ ಮಾತ್ರೆಯ ನಿಯಮಗಳು ಇಲ್ಲಿ ಸಾಲುವುದಿಲ್ಲ. ನ್ಯಾನೊ ಔಷಧಗಳನ್ನು ಹೇಗೆ ಪರಿಶೀಲಿಸಬೇಕೆಂಬ ಮಾರ್ಗಸೂಚಿಯನ್ನು ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ 2019ರಲ್ಲಿ ಹೊರತಂದಿತು. ಕೊಬ್ಬು ಮತ್ತು ಕಬ್ಬಿಣದ ಕಣಗಳನ್ನು ದೇಹ ಕರಗಿಸಿ ಬಳಸಿಕೊಳ್ಳುತ್ತದೆ. ಚಿನ್ನ ಯಕೃತ್ತಿನಲ್ಲಿ ಬಹುಕಾಲ ಉಳಿಯಬಲ್ಲದು. ಕಾರ್ಡಿನಲ್ಲಿರುವ ಚಿನ್ನ ದೇಹದೊಳಗೆ ಹೋಗುವುದೇ ಇಲ್ಲವಾದ್ದರಿಂದ ಅಲ್ಲಿ ಈ ಚಿಂತೆ ಇಲ್ಲ.

ನಮ್ಮ ನಾಡಿನಲ್ಲಿ ಈ ರೋಗಕ್ಕೆ ಇರುವ ದೊಡ್ಡ ತೊಡಕು ಯಾವುದೆಂದು ನೋಡಿದರೆ ಮತ್ತೆ ಅದೇ ಕಾರ್ಡಿನ ಹತ್ತಿರ ಬರುತ್ತೇವೆ. ಮಲದಲ್ಲಿ ರಕ್ತ ಕಂಡರೆ ನಮ್ಮಲ್ಲಿ ಮೊದಲು ಬರುವ ಹೆಸರು ಮೂಲವ್ಯಾಧಿ. ಆಪರೇಷನ್ ಇಲ್ಲದೆ ಮೂಲವ್ಯಾಧಿ ಗುಣಪಡಿಸುವ ಬೋರ್ಡು ಬಸ್ ನಿಲ್ದಾಣದ ಗೋಡೆಯ ಮೇಲೆ ಇಲ್ಲದ ಊರು ಕಡಿಮೆ. ನಾಚಿಕೆಯಿಂದ ಮನೆಯವರಿಗೂ ಹೇಳದೆ, ಯಾರೋ ಹೇಳಿದ ಪುಡಿ ತಿನ್ನುತ್ತಾ ಆರು ತಿಂಗಳು, ವರ್ಷ ಕಳೆದು ಬರುವವರ ಗಡ್ಡೆ ಅಷ್ಟರಲ್ಲಿ ಗೋಡೆ ದಾಟಿರುತ್ತದೆ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯ 800 ರೋಗಿಗಳ ವರದಿಯೊಂದರಲ್ಲಿ ಸರಾಸರಿ ವಯಸ್ಸು 47. ಈ ವಯಸ್ಸಿನಲ್ಲಿ ಕ್ಯಾನ್ಸರ್ ಇರಬಹುದೆಂದು ರೋಗಿಗೂ ಅನ್ನಿಸುವುದಿಲ್ಲ, ಎಷ್ಟೋ ಸಲ ವೈದ್ಯರಿಗೂ ಅನ್ನಿಸುವುದಿಲ್ಲ. 2018ರಲ್ಲಿ ಪ್ರಕಟವಾದ ಜಾಗತಿಕ ಹೋಲಿಕೆಯಲ್ಲಿ ಭಾರತದ ಕರುಳಿನ ಕ್ಯಾನ್ಸರ್ ರೋಗಿಗಳಲ್ಲಿ ಐದು ವರ್ಷ ದಾಟಿದವರು ನೂರಕ್ಕೆ 40ಕ್ಕಿಂತ ಕಡಿಮೆ, ಶ್ರೀಮಂತ ದೇಶಗಳಲ್ಲಿ 60ಕ್ಕಿಂತ ಹೆಚ್ಚು.

ಎಲ್ಲರಿಗೂ ಕಾರ್ಡು ಹಂಚಿದರೆ ಪರಿಹಾರವಾಯಿತು ಎನ್ನಲು ಬಾರದು. 30 ವರ್ಷ ದಾಟಿದವರಿಗೆ ಸರ್ಕಾರ ನಡೆಸುವ ತಪಾಸಣೆಯಲ್ಲಿ ಬಾಯಿ, ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರ್ ಇವೆ, ಕರುಳಿನದು ಇಲ್ಲ. ಅದಕ್ಕೆ ಕಾರಣವೂ ಇದೆ. ವಯಸ್ಸಿನ ವ್ಯತ್ಯಾಸವನ್ನು ಸರಿದೂಗಿಸಿ ನೋಡಿದರೆ ಜಗತ್ತಿನಲ್ಲಿ ವರ್ಷಕ್ಕೆ ಲಕ್ಷ ಜನರಲ್ಲಿ 18 ಮಂದಿಯ ಆಸುಪಾಸಿಗೆ ಬರುವ ಈ ರೋಗ ಭಾರತದಲ್ಲಿ ಬರುವುದು ಸುಮಾರು 5 ಮಂದಿಗೆ. ರೋಗ ವಿರಳವಾಗಿರುವಲ್ಲಿ ನೂರಕ್ಕೆ ಆರು ಸುಳ್ಳು ಗೆರೆ ಎಂದರೂ ಲಕ್ಷಕ್ಕೆ ಆರು ಸಾವಿರ ಜನ ಕೊಲೊನೊಸ್ಕೊಪಿಗೆ ಸಾಲು ನಿಲ್ಲಬೇಕಾಗುತ್ತದೆ. ಮೂಲವ್ಯಾಧಿ ಮತ್ತು ಆಮಶಂಕೆಯ ರಕ್ತಕ್ಕೂ ಗೆರೆ ಮೂಡುತ್ತದೆ. ನನಗೆ ಸರಿ ಕಾಣುವುದು, ಕಾರ್ಡನ್ನು ಊರಿಗೆಲ್ಲ ಹಂಚುವುದಕ್ಕಿಂತ ಮೊದಲು, ಕಾರಣ ತಿಳಿಯದ ರಕ್ತಹೀನತೆ, ಮಲವಿಸರ್ಜನೆಯ ಅಭ್ಯಾಸದಲ್ಲಿ ಬದಲಾವಣೆ, ಕಾರಣವಿಲ್ಲದ ತೂಕ ಇಳಿಕೆ ಎಂದು ತಾಲ್ಲೂಕು ಆಸ್ಪತ್ರೆಗೆ ಬಂದವರಲ್ಲಿ, ಮನೆತನದಲ್ಲಿ ಈ ಕ್ಯಾನ್ಸರ್ ಇದ್ದವರಲ್ಲಿ ಬಳಸುವುದು. ಕಣ್ಣಿಗೆ ಕಾಣುವಂತೆ ರಕ್ತ ಹೋಗುತ್ತಿರುವವರಿಗೆ ಕಾರ್ಡಿನ ಗೆರೆಗಾಗಿ ಕಾಯದೆ ಗುದದ ಬೆರಳು ಪರೀಕ್ಷೆಯನ್ನು ಮಾಡಿ ಕೊಲೊನೊಸ್ಕೊಪಿಗೆ ಕಳಿಸಬೇಕು. ಆ ಕೊಲೊನೊಸ್ಕೊಪಿ ಯಾವ ಆಸ್ಪತ್ರೆಯಲ್ಲಿ, ಎಷ್ಟು ವಾರದೊಳಗೆ, ಯಾರ ಖರ್ಚಿನಲ್ಲಿ ಆಗುತ್ತದೆ ಎಂಬುದನ್ನು ಕಾರ್ಡು ಕೈಗೆ ಕೊಡುವ ಮುಂಚೆಯೇ ರೋಗಿಗೆ ಬರೆದುಕೊಡುವಂತಿರಬೇಕು.